ಡೆಲ್ಟಾ ಸೀಫಿ ಮತ್ತು ನನ್ನ ಒಂದು ತಪ್ಪು ಚುಕ್ಕೆ

ನಕ್ಷತ್ರಗಳ ಬೆಳಕು ಏರಿಳಿಯುತ್ತದೆ ಅಂತ ಓದಿದ್ದೆ. ಅದನ್ನು ಬರಿಗಣ್ಣಲ್ಲೇ ಅಳೆಯಬಹುದು ಅಂತ ಗೊತ್ತಾದ ದಿನ ಒಂದು ನೋಟ್‌ಬುಕ್ ತೆರೆದೆ. ಜೊತೆಗೆ ಕೆಂಪು ಕಾಗದ ಸುತ್ತಿದ ಟಾರ್ಚ್. ಅಷ್ಟೇ ಸಾಮಾನು.

ಮೊದಲು ಹಿಡಿದದ್ದು ಸೀಫಿಯಸ್ ಪುಂಜದ ಡೆಲ್ಟಾ ಸೀಫಿ. ಇದು ಚಂಚಲ ನಕ್ಷತ್ರ ಅಂತ 1784ರಲ್ಲಿ ಕಂಡುಹಿಡಿದವನು ಜಾನ್ ಗುಡ್ರಿಕ್, ಕಿವಿ ಕೇಳದ, ಇಪ್ಪತ್ತು ವರ್ಷದ ಹುಡುಗ. ಇದರ ಕಾಂತಿಮಾನ, ಅಂದರೆ ಬೆಳಕಿನ ಅಳತೆ, ಸುಮಾರು 3.5ರಿಂದ 4.4ಕ್ಕೆ ಇಳಿದು ಮತ್ತೆ ಏರಲು 5 ದಿನ, ಮೇಲೆ ಹತ್ತಿರ ಹತ್ತಿರ 9 ಗಂಟೆ ಬೇಕು. ಸಂಖ್ಯೆ ಜಾಸ್ತಿಯಾದಷ್ಟೂ ನಕ್ಷತ್ರ ಮಂಕು. ಈ ಉಲ್ಟಾ ಲೆಕ್ಕ ತಲೆಗೆ ಹತ್ತಲು ನನಗೆ ಒಂದು ವಾರ ಹಿಡಿಯಿತು.

ಅಳೆಯೋದು ಹೀಗೆ. ಪಕ್ಕದಲ್ಲೇ ಬೆಳಕು ಹೆಚ್ಚುಕಡಿಮೆ ಬದಲಾಗದ ಎರಡು ನಕ್ಷತ್ರಗಳಿವೆ: ಝೀಟಾ 3.4, ಎಪ್ಸಿಲಾನ್ 4.2. ಬೆಳಕಿನಲ್ಲಿ ಡೆಲ್ಟಾ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ಸರಿಯಾಗಿ ಮಧ್ಯದಲ್ಲಿದ್ದರೆ 3.8. ಝೀಟಾದಿಂದ ಕಾಲು ಭಾಗದಷ್ಟೇ ದೂರವಿದ್ದರೆ 3.6. ಸಮಯದ ಜೊತೆ ಬರೆದಿಟ್ಟು ಮಲಗಬೇಕು. ಎಷ್ಟೇ ಪಳಗಿದ ಕಣ್ಣಾದರೂ 0.1ರಷ್ಟು ಆಚೀಚೆ ಆಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಸುಮಾರು ಎರಡು ತಿಂಗಳಲ್ಲಿ, ಮೋಡದ ರಾತ್ರಿಗಳನ್ನು ಬಿಟ್ಟು, ಮೂವತ್ತು ಅಂದಾಜುಗಳು ಸೇರಿದವು. ತಾರೀಖಿನ ಪ್ರಕಾರ ಗ್ರಾಫ್ ಹಾಕಿದರೆ ಸುಮ್ನೆ ಚೆಲ್ಲಿದ ಸಾಸಿವೆ. ಆಮೇಲೆ ಮಡಿಸುವ ಲೆಕ್ಕ ಮಾಡಿದೆ. ಒಂದು ಗರಿಷ್ಠ ಬೆಳಕಿನ ಹೊತ್ತಿನಿಂದ ಎಷ್ಟು ದಿನ ಕಳೆದಿದೆ ಅಂತ ನೋಡಿ, 5.366ರಿಂದ ಭಾಗಿಸಿ, ಪೂರ್ಣ ಸಂಖ್ಯೆ ಬಿಸಾಡಿ, ದಶಮಾಂಶ ಮಾತ್ರ ಇಟ್ಟುಕೊಳ್ಳುವುದು. ಎಲ್ಲ ಸುತ್ತುಗಳೂ ಒಂದರ ಮೇಲೊಂದು ಕೂತವು. ಒಂದು ಬದಿ ಕಡಿದಾದ, ಇನ್ನೊಂದು ಬದಿ ನಿಧಾನ ಇಳಿಜಾರಿನ ಗುಡ್ಡ ಮೂಡಿತು! ಡೆಲ್ಟಾ ಬೇಗ ಬೆಳಗಿ ನಿಧಾನವಾಗಿ ಮಂಕಾಗುತ್ತದೆ ಅಂತ ಓದೋದು ಬೇರೆ, ಕಣ್ಣಾರೆ ಕಾಣೋದು ಬೇರೆ.

ಆದರೆ ಒಂದು ಚುಕ್ಕೆ ಗುಡ್ಡದಿಂದ ಆಚೆ ನಿಂತಿತ್ತು. 4ಕ್ಕಿಂತ ಮಂಕಾಗಿರಬೇಕಾದ ರಾತ್ರಿ ನಾನು 3.8 ಅಂತ ಬರೆದಿದ್ದೆ. ನೋಟ್‌ಬುಕ್ ತಿರುವಿದಾಗ ಕಾರಣ ಸಿಕ್ಕಿತು. ಆ ತಿಂಗಳು ಗರಿಷ್ಠದ ರಾತ್ರಿಗಳನ್ನು ಮೊದಲೇ ಪಟ್ಟಿ ಮಾಡಿಕೊಂಡಿದ್ದೆ. ಬರೀ 5 ದಿನ ಕೂಡಿಸಿ ಆ 9 ಗಂಟೆ ಮರೆತಿದ್ದೆ. ಮೂರು ಸುತ್ತು ಆಗುವಷ್ಟರಲ್ಲಿ ಪಟ್ಟಿ ಒಂದು ದಿನಕ್ಕಿಂತ ಜಾಸ್ತಿ ಮುಂದೆ ಓಡಿತ್ತು. ಇವತ್ತು ಬೆಳಗಬೇಕು ಅಂತ ಪಟ್ಟಿ ಹೇಳಿತು, ಕಣ್ಣು ಹೂಂ ಅಂದಿತು. ಪಟ್ಟಿ ಸರಿಯಾಗಿದ್ದಿದ್ದರೆ ನನ್ನ ಈ ಮೋಸ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? ಅವತ್ತಿನಿಂದ ಮೊದಲು ಅಂದಾಜು ಬರೆಯುತ್ತೇನೆ, ಲೆಕ್ಕ ಆಮೇಲೆ.

ಈ ಏರಿಳಿತ ನಕ್ಷತ್ರ ಹಿಗ್ಗಿ ಕುಗ್ಗುವುದರಿಂದ ಆಗುತ್ತದೆ. ಒಳಗಿನ ಹೀಲಿಯಂ ಪದರ ಕುಗ್ಗಿದಾಗ ಶಾಖವನ್ನು ತಡೆದಿಡುತ್ತದೆ, ಹಿಗ್ಗಿದಾಗ ಬಿಡುತ್ತದೆ. ಇಂಥ ನಕ್ಷತ್ರಗಳ ಸುತ್ತು ಉದ್ದವಾದಷ್ಟೂ ನಿಜವಾದ ಬೆಳಕು ಜಾಸ್ತಿ ಅಂತ ಖಗೋಳ ವಿಜ್ಞಾನಿ ಹೆನ್ರಿಯೆಟ್ಟಾ ಲೆವಿಟ್ 1912ರಲ್ಲಿ 25 ನಕ್ಷತ್ರಗಳಿಂದ ತೋರಿಸಿದರು. ನಿಜವಾದ ಬೆಳಕು ಗೊತ್ತಾದರೆ, ಕಾಣುವ ಬೆಳಕಿನಿಂದ ದೂರ ಸಿಗುತ್ತದೆ. 1923ರಲ್ಲಿ ಖಗೋಳ ವಿಜ್ಞಾನಿ ಹಬಲ್ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ಇಂಥದ್ದೇ ನಕ್ಷತ್ರ ಕಂಡು, ಆ ಗೆಲಾಕ್ಸಿ ನಮ್ಮ ಹಾಲುಹಾದಿಯ ಆಚೆಯದು ಅಂತ ತಿಳಿದದ್ದು ಹೀಗೆ.

2020ರ ಫೆಬ್ರವರಿಯಲ್ಲಿ ಆರ್ದ್ರಾ (ಬೀಟಲ್‌ಜ್ಯೂಸ್) ನಕ್ಷತ್ರ ಮಂಕಾದಾಗ ಈ ಅಭ್ಯಾಸ ಕೆಲಸಕ್ಕೆ ಬಂತು. ಅದಕ್ಕೆ ಡೆಲ್ಟಾದಂಥ ಕರಾರುವಾಕ್ಕಾದ ವೇಳಾಪಟ್ಟಿ ಇಲ್ಲ. ಸಾಲದ್ದಕ್ಕೆ ಕೆಂಪು ಬಣ್ಣ. ದಿಟ್ಟಿಸಿದಷ್ಟೂ ಹೆಚ್ಚು ಬೆಳಗಿದಂತೆ ಕಾಣುತ್ತದೆ. ಹಾಗಾಗಿ ಒಂದು ಕ್ಷಣ ನೋಡಿ ಕಣ್ಣು ಬೇರೆಡೆ ತಿರುಗಿಸಬೇಕು. ಹತ್ತಿರದ ನಕ್ಷತ್ರ ಬೆಲಾಟ್ರಿಕ್ಸ್ 1.6. ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸಿತು. ಯಾವಾಗಲೂ ಅಷ್ಟು ಜೋರಾಗಿ ಬೆಳಗುವ ಆರ್ದ್ರಾ ಇದೇನಾ? ಮೂರು ಸಲ ಒಳಗೆ ಹೋಗಿ ಹೊರಗೆ ಬಂದೆ. ಮೂರು ಸಲವೂ 1.5 ಅನ್ನಿಸಿತು. ಬೇರೆಯವರು ಏನು ಬರೆದಿದ್ದಾರೆ ಅಂತ ನೋಡದೆ, ಪೆನ್ನಿನಲ್ಲೇ 1.5 ಅಂತ ಬರೆದೆ.