ಗುಲಗಂಜಿ ಹುಳುವನ್ನು ಹಿಸುಕಬೇಡಿ

ಚಳಿ ಶುರುವಾದರೆ ಸಾಕು, ಕಿಟಕಿ ಮೂಲೆಯಲ್ಲಿ ಗುಲಗಂಜಿ ಹುಳುಗಳ ಗುಂಪು. ನಮ್ಮನೆ ಹುಡುಗರು ಕೂಡಲೇ ಚಪ್ಪಲಿ ಹುಡುಕುತ್ತಾರೆ. ಎಷ್ಟು ಸಲ ಹೇಳುವುದು! ಹಿಸುಕುವುದಿರಲಿ, ಗಾಬರಿಪಡಿಸಿದರೂ ಅದು ಕಾಲಿನ ಗಂಟಿನಿಂದ ಹಳದಿ ರಸ ಬಿಡುತ್ತದೆ. ಕೆಟ್ಟ ವಾಸನೆ ಬೇರೆ. ಗೋಡೆಗೋ ಪರದೆಗೋ ತಾಗಿದರೆ ಕಲೆ ಉಳಿಯುತ್ತದೆ. ಅದಕ್ಕೇ ನಮ್ಮತ್ತೆ ಚಳಿ ಬರುವ ಮೊದಲೇ ಬಿಳಿ ಪರದೆ ಇಳಿಸಿ ಕಡುಬಣ್ಣದ್ದು ಹಾಕಿಸುತ್ತಿದ್ದರು. ಆಗ ನಾನು ಒಳಗೊಳಗೇ ಗೊಣಗುತ್ತಿದ್ದೆ.

ಇವು ಬಟ್ಟೆ ಕಡಿಯುವುದಿಲ್ಲ, ಮರ ಕೊರೆಯುವುದಿಲ್ಲ, ಮನೆಯೊಳಗೆ ಮರಿಯೂ ಮಾಡುವುದಿಲ್ಲ. ತೋಟದಲ್ಲಿ ಗಿಡಹೇನು ತಿಂದು ಉಪಕಾರ ಮಾಡುವ ಜಾತಿ. ಬಿಸಿಲು ಬೀಳುವ ಗೋಡೆಗೆ ಬಂದು ಕೂತು, ಸಂದು ಸಿಕ್ಕರೆ ಚಳಿ ಕಳೆಯಲು ಒಳಗೆ ತೂರಿಕೊಳ್ಳುತ್ತವೆ, ಅಷ್ಟೇ. ಇದಕ್ಕೆ ಮನೆ ತುಂಬಾ ಸ್ಪ್ರೇ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೋಡೆ ಸಂದಿನಲ್ಲಿ ಸತ್ತು ಬಿದ್ದವನ್ನು ತಿನ್ನಲು ಬೇರೆ ಹುಳು ಬರುತ್ತದೆ. ಅದು ಆಮೇಲೆ ಉಣ್ಣೆ ಬಟ್ಟೆಗೂ ಬಾಯಿ ಹಾಕುತ್ತದೆ. ಬೇಕಿತ್ತಾ?

ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹೀಗೆ ಮಾಡಿ. ಹಳೇ ನೈಲಾನ್ ಕಾಲುಚೀಲ ತೆಗೆದುಕೊಳ್ಳಿ, ಹೆಂಗಸರು ಹಾಕುವ ತೆಳುವಾದದ್ದು. ದಪ್ಪ ಹತ್ತಿಯದು ಬೇಡ, ಗಾಳಿ ಹಾಯುವುದಿಲ್ಲ. ಬೆರಳು ತೂರಿಸಿ ಬೆಳಕಿಗೆ ಹಿಡಿದು ನೋಡಿ, ತೂತಿರಬಾರದು. ಅದರ ತುದಿಯನ್ನು ಪೈಪಿನ ಬಾಯೊಳಗೆ ಒಂದು ಗೇಣು ಇಳಿಸಿ. ಕಾಲುಚೀಲದ ಬಾಯಿಯನ್ನು ಪೈಪಿನ ಅಂಚಿಗೆ ಹೊರಗೆ ಮಡಚಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. ಸಡಿಲವಾದರೆ ಚೀಲವೂ ಒಳಗೆ ಹೋಗುತ್ತದೆ! ಆಮೇಲೆ ಮೆಲ್ಲಗೆ ಹುಳುಗಳನ್ನು ಎಳೆದುಕೊಳ್ಳಿ. ಚೀಲ ಅರ್ಧ ತುಂಬಿದರೆ ಸಾಕು, ದುರಾಸೆ ಬೇಡ. ಈಗ ಮುಖ್ಯವಾದ ಮಾತು: ಮೆಷಿನ್ ಓಡುತ್ತಿರುವಾಗಲೇ ಬ್ಯಾಂಡ್ ಬಿಚ್ಚಿ, ಬಾಯಿ ಕೈಯಲ್ಲಿ ಹಿಡಿದು ಹೊರಗೆಳೆದು ಗಂಟು ಹಾಕಬೇಕು. ಮೊದಲೇ ಆಫ್ ಮಾಡಿದರೆ ಎಲ್ಲವೂ ತಿರುಗಿ ಹೊರಗೆ ಬರುತ್ತವೆ. ಹೀಗೆ ಮಾಡಿದರೆ ಮೆಷಿನ್ ಒಳಗೆ ಆ ವಾಸನೆ ಸೇರುವುದಿಲ್ಲ. ಗಂಟನ್ನು ದೂರ ಒಯ್ದು ಬಿಚ್ಚಿ. ಕಿಟಕಿ ಕೆಳಗೇ ಬಿಟ್ಟರೆ ಮತ್ತೆ ಅಲ್ಲೇ ಹಾಜರ್.

ಮೆಷಿನ್ ಇಲ್ಲವೇ? ಅಗಲ ಬಾಯಿಯ ಪಾತ್ರೆಯಲ್ಲಿ ಸೋಪು ನೀರು ಕಲಸಿ ಕೆಳಗೆ ಹಿಡಿದು ಮೃದುವಾದ ಬ್ರಶ್‌ನಿಂದ ಬೀಳಿಸಿ. ನನ್ನ ಮಕ್ಕಳು ಚಿಕ್ಕವರಿದ್ದಾಗ ಹಾಗೇ ಮಾಡುತ್ತಿದ್ದೆ. ಮುಳುಗಿ ಸಾಯುತ್ತವೆ, ಗೋಡೆಗೆ ರಸ ತಾಗುವುದಿಲ್ಲ.

ಅದಾದ ಮೇಲೆ ಕಿಟಕಿ ಒರೆಸುತ್ತೀರಲ್ವಾ, ದಯವಿಟ್ಟು ಮೇಲಿಂದ ಕೆಳಕ್ಕೆ ಒರೆಸಿ. ನಮ್ಮನೆಯಲ್ಲಿ ಯಾರಿಗೂ ಇದು ತಲೆಗೆ ಹೋಗುವುದಿಲ್ಲ, ಕೆಳಗಿಂದ ಶುರು ಮಾಡಿದರೆ ಕೊಳೆ ನೀರು ಒರೆಸಿದ ಕಡೆಗೇ ಇಳಿಯುತ್ತದೆ.

ಚೌಕಟ್ಟಿನ ಸಂದು, ಪೈಪ್ ಬರುವ ತೂತು, ಬಾಗಿಲ ಕೆಳಗಿನ ಜಾಗ ಎಲ್ಲಾ ಮುಚ್ಚಬೇಕು. ಆದರೆ ಚಳಿ ಬರುವ ಮುಂಚೆ. ಹುಳು ಒಳಗೆ ಸೇರಿದ ಮೇಲೆ ಮುಚ್ಚಿದರೆ ಗೋಡೆಯೊಳಗಿರುವವು ಬಿಸಿಲು ಕಾದ ದಿನ ಎದ್ದು, ಹೊರಗಿನ ದಾರಿ ಸಿಗದೆ ಕೋಣೆಗೇ ಬರುತ್ತವೆ.