ಮುಷ್ಟಿ ಕಟ್ಟದೆ ನೌಕೆ ಹಾರಿಸಲು ಕಲಿತ ಬಗೆ

ರುಮಟಾಯ್ಡ್ ಸಂಧಿವಾತ ನನ್ನ ಎರಡೂ ಕೈಗಳ ಬೆರಳ ಬುಡದ ಗಿಣ್ಣುಗಳಿಗೂ ಬಲ ಮಣಿಕಟ್ಟಿಗೂ ತಗುಲಿ 9 ವರ್ಷಗಳಾದವು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಬೆಳಗಿನ ಹೊತ್ತು ಬೆರಳುಗಳು ಬಿಗಿದುಕೊಂಡಿರುತ್ತವೆ. ಔಷಧದಿಂದ ಉರಿಯೂತ ಹತೋಟಿಗೆ ಬಂದರೂ ಅಷ್ಟರಲ್ಲಿ ಸವೆದುಹೋದ ಕೀಲು ಮೊದಲಿನಂತಾಗುವುದಿಲ್ಲ. ನನ್ನ ಬಲ ಮಣಿಕಟ್ಟು ಈಗ ಹಿಂದಕ್ಕೂ ಮುಂದಕ್ಕೂ ಸುಮಾರು 30 ಡಿಗ್ರಿಯಷ್ಟು ಮಾತ್ರ ಬಾಗುತ್ತದೆ, ಹೆಬ್ಬೆರಳಿನಿಂದ ಏನನ್ನಾದರೂ ಅರ್ಧ ನಿಮಿಷ ಒತ್ತಿ ಹಿಡಿದರೆ ಮರುದಿನದವರೆಗೆ ನೋವು ಉಳಿಯುತ್ತದೆ. ಈ ಕೈಗಳಿಂದಲೇ ನಾನು ವಾರಕ್ಕೆ ಮೂರು ನಾಲ್ಕು ಸಂಜೆ ಎಲೀಟ್ ಡೇಂಜರಸ್ ಆಟದಲ್ಲಿ ಬಾಹ್ಯಾಕಾಶ ನೌಕೆ ಹಾರಿಸಿ ಕಾಳಗ ಮಾಡುತ್ತೇನೆ. ಇಂಥ ಕೈಯವರಿಗೆ ಯಾವ ನಿಯಂತ್ರಣ ಹೊಂದುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಸಾಧನದ ಹೆಸರು. ನನ್ನ ಅನುಭವದಲ್ಲಿ ಸಾಧನದ ಸರದಿ ಬಂದದ್ದು ಕೊನೆಗೆ. ಮೊದಲು ಕೈಯನ್ನು, ಆಮೇಲೆ ಆಟದ ಒಳಗಿನ ಹೊಂದಿಕೆಗಳನ್ನು ಅರಿತುಕೊಳ್ಳಬೇಕಾಯಿತು.

ಆರಂಭದಲ್ಲಿ ನಾನೂ ಸಾಧನದಿಂದಲೇ ಹೊರಟೆ. ಗೇಮ್‌ಪ್ಯಾಡಿನಲ್ಲಿ ನೌಕೆಯ ದಿಕ್ಕೆಲ್ಲ ಹೆಬ್ಬೆರಳುಗಳ ಮೇಲೆ, ಗುಂಡಿನ ಕೆಲಸವೆಲ್ಲ ತೋರುಬೆರಳುಗಳ ಮೇಲೆ ಬೀಳುತ್ತದೆ, ಅಂದರೆ ನನ್ನಲ್ಲಿ ಅತಿ ದುರ್ಬಲವಾಗಿರುವ ಕೀಲುಗಳೇ ಅಲ್ಲಿ ಹೆಚ್ಚು ದುಡಿಯಬೇಕು. ಅದನ್ನು ಬಿಟ್ಟು ಜಾಯ್‌ಸ್ಟಿಕ್ ತಂದೆ. ಮೇಜಿನ ಮೇಲಿಟ್ಟು, ಮೊಣಕೈಯನ್ನು ಗಾಳಿಯಲ್ಲಿ ಎತ್ತಿಕೊಂಡು, ಶತ್ರು ಎದುರಿಗೆ ಬಂದಾಗಲೆಲ್ಲ ಹಿಡಿಯನ್ನು ಜೀವ ಬಿಟ್ಟು ಬಿಗಿಹಿಡಿದು ಆಡಿದೆ. ಇಪ್ಪತ್ತು ನಿಮಿಷದ ಆ ಆಟಕ್ಕೆ ಎರಡು ದಿನ ಪೆನ್ನು ಹಿಡಿಯಲಾಗದ ಸ್ಥಿತಿ ಬಂತು.

ದಾರಿ ತೋರಿಸಿದವರು ನನ್ನ ಆಕ್ಯುಪೇಷನಲ್ ಥೆರಪಿಸ್ಟ್. ಅವರು ಆಟದ ಬಗ್ಗೆ ಏನೂ ಹೇಳಲಿಲ್ಲ. ಕೀಲುಗಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಬಕೆಟ್ಟು, ಬಾಗಿಲ ಚಿಲಕ, ತರಕಾರಿ ಚೀಲಗಳ ಮೂಲಕ ವಿವರಿಸುತ್ತಿದ್ದರು. "ಚೀಲವನ್ನ ಬೆರಳಲ್ಲಿ ನೇತುಹಾಕ್ಕೋಬೇಡಿ ಸರ್, ಮೊಣಕೈಗೆ ಸಿಕ್ಕಿಸ್ಕೊಳ್ಳಿ. ಬೆರಳಿನ ಕೆಲಸ ಅಂಗೈಗೆ ಕೊಡಿ, ಅಂಗೈಯದ್ದು ಮುಂಗೈಗೆ ಕೊಡಿ. ಒಂದೇ ಹಿಡಿತದಲ್ಲಿ ಬಹಳ ಹೊತ್ತು ಇರಬೇಡಿ" ಎಂದರು. ಮನೆಗೆ ಬಂದು ಮಗಳಿಗೆ ಹೇಳಿದೆ: ನಾನು ಆಡುವಾಗ ಪರದೆಯನ್ನು ಬಿಟ್ಟು ನನ್ನ ಕೈಗಳನ್ನು ಮಾತ್ರ ಮೊಬೈಲಿನಲ್ಲಿ ಚಿತ್ರೀಕರಿಸು ಎಂದು. ಹತ್ತು ನಿಮಿಷದ ಆ ಚಿತ್ರಣವನ್ನು ಇಬ್ಬರೂ ಕುಳಿತು ನಿಧಾನವಾಗಿ ನೋಡಿ, ಯಾವ ಬೆರಳು ಯಾವ ಗುಂಡಿಯನ್ನು ಎಷ್ಟು ಸಲ ತಟ್ಟಿತು, ಎಷ್ಟು ಹೊತ್ತು ಒತ್ತಿ ಹಿಡಿಯಿತು ಎಂದು ಪಟ್ಟಿ ಮಾಡಿದೆವು. "ಅಪ್ಪಾ, ಯಾರೂ ಎದುರಿಗೆ ಇಲ್ಲದಾಗಲೂ ನೀನು ಅದನ್ನ ಬಿಡ್ತಾನೇ ಇಲ್ಲ ನೋಡು" ಎಂದು ಮಗಳು ತೋರಿಸಿದ್ದು ಇಂದಿಗೂ ನೆನಪಿದೆ. ತಟ್ಟುವುದರಿಂದ ನನಗೆ ಅಷ್ಟಾಗಿ ತೊಂದರೆಯಿರಲಿಲ್ಲ. ಥ್ರಾಟಲ್, ಅಂದರೆ ವೇಗ, ಏರಿಸುವ ಕೀ, ಗುಂಡು ಹಾರಿಸುವ ಟ್ರಿಗರ್, ಜಾಯ್‌ಸ್ಟಿಕ್ಕಿನ ಹಿಡಿ, ಹೀಗೆ ಹಿಡಿದೇ ಇರಬೇಕಾದ ಮೂರು ಸಂಗತಿಗಳು ಕೈಯನ್ನು ಕೆಡಿಸುತ್ತಿದ್ದವು. ಮುಂದೆ ನಾನು ಮಾಡಿದ್ದೆಲ್ಲ ಈ ಮೂರನ್ನು ಒಂದೊಂದಾಗಿ ಕೈಯಿಂದ ಕಳಚಿದ್ದು.

ಥ್ರಾಟಲ್ಲಿನ ತೊಂದರೆ ಒಂದು ಪೈಸೆ ಖರ್ಚಿಲ್ಲದೆ ಬಗೆಹರಿಯಿತು. ಈ ಆಟದಲ್ಲಿ ನೌಕೆ ಚುರುಕಾಗಿ ತಿರುಗುವುದು ವೇಗಮಾಪಕದ ನಡುವಣ ನೀಲಿ ಪಟ್ಟಿಯಲ್ಲಿ ವೇಗವಿದ್ದಾಗ. ಪೂರ್ತಿ ವೇಗದಲ್ಲಿ ಅಥವಾ ನಿಂತಾಗ ತಿರುವು ನಿಧಾನವಾಗುತ್ತದೆ. ವೇಗವನ್ನು ನೇರವಾಗಿ ಸೊನ್ನೆ, ಶೇ. 50, ಶೇ. 100 ಎಂದು ನಿಗದಿಮಾಡುವ ಬೇರೆ ಬೇರೆ ಆಜ್ಞೆಗಳು ನಿಯಂತ್ರಣಗಳ ಪಟ್ಟಿಯಲ್ಲೇ ಇವೆ. ಇವಕ್ಕೆ ಒಂದೊಂದು ಗುಂಡಿ ಕೊಟ್ಟ ಮೇಲೆ ಕೀ ಒತ್ತಿ ಹಿಡಿಯುವ ಪ್ರಸಂಗವೇ ಉಳಿಯಲಿಲ್ಲ. ಕಾಳಗದ ಬಹುಪಾಲು ಶೇ. 50ರ ಗುಂಡಿಯನ್ನು ಒಮ್ಮೆ ತಟ್ಟಿದರೆ ಸಾಗುತ್ತದೆ.

ನೌಕೆಯ ಚಲನೆಯ ಬಗ್ಗೆಯೂ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಹೆದರುವುದು ಇಲ್ಲೇ. ಮೂತಿಯನ್ನು ಮೇಲೆ ಕೆಳಗೆ ಮಾಡುವ ಪಿಚ್, ಮಗ್ಗುಲಾಗಿಸುವ ರೋಲ್, ಎಡಬಲಕ್ಕೆ ತಿರುಗಿಸುವ ಯಾ ಎಂಬ ಮೂರು ತಿರುವುಗಳು. ಮುಂದೆ ಹಿಂದೆ, ಅಕ್ಕಪಕ್ಕ, ಮೇಲೆ ಕೆಳಗೆ ಸರಿಯುವ ಇನ್ನೂ ಮೂರು ಚಲನೆಗಳು. ಈ ಆರನ್ನೂ ಕೈಯಲ್ಲಿಟ್ಟುಕೊಂಡರೆ ಮಾತ್ರ ಆಡಬಹುದು ಎಂದು ನಾನು ನಂಬಿದ್ದೆ. ಆದರೆ ಈ ಸರಣಿಯ ಮೊದಲ ಆಟವಾದ ಎಲೀಟ್, 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೋ ಕಂಪ್ಯೂಟರಿಗಾಗಿ ರೂಪಿಸಿದ್ದು, ತಿರುಗುವುದಕ್ಕೆ ಪಿಚ್ ಮತ್ತು ರೋಲ್ ಎರಡನ್ನೇ ಇಟ್ಟುಕೊಂಡಿತ್ತು. 2014ರಲ್ಲಿ ಬಂದ ಎಲೀಟ್ ಡೇಂಜರಸ್‌ನಲ್ಲೂ ಯಾ ನಿಧಾನದ ತಿರುವೇ. ಶತ್ರುವಿನ ಕಡೆಗೆ ಮಗ್ಗುಲಾಗಿ ಮೂತಿ ಎತ್ತುವುದೇ ಬೇಗನೆ ತಿರುಗುವ ಉಪಾಯ. ಆದ್ದರಿಂದ ಪಿಚ್ ಮತ್ತು ರೋಲ್ ಮಾತ್ರ ಜಾಯ್‌ಸ್ಟಿಕ್ಕಿಗೆ ಕೊಟ್ಟು, ಮಣಿಕಟ್ಟನ್ನು ತಿರುಚಿ ಮಾಡುವ ಯಾ ಚಲನೆಯನ್ನು ಹೊಂದಿಕೆಯಿಂದಲೇ ತೆಗೆದುಹಾಕಿದೆ. ನೌಕೆಯನ್ನು ತಾನೇ ಸ್ಥಿರವಾಗಿಡುವ ಫ್ಲೈಟ್ ಅಸಿಸ್ಟ್ ಸದಾ ಚಾಲೂ ಇರುತ್ತದೆ. ಅದನ್ನು ನಿಲ್ಲಿಸಿದರೆ ನೌಕೆ ನ್ಯೂಟನ್ನಿನ ನಿಯಮದಂತೆ ತಿರುಗುತ್ತಲೇ, ಜಾರುತ್ತಲೇ ಇರುತ್ತದೆ, ಪ್ರತಿ ಚಲನೆಯನ್ನೂ ಎದುರು ಚಲನೆಯಿಂದ ನಾವೇ ನಿಲ್ಲಿಸಬೇಕಾಗುತ್ತದೆ. ನುರಿತವರು ಅದನ್ನು ಹೊಗಳುತ್ತಾರೆ, ನನ್ನ ಕೈಗೆ ಅದು ದುಪ್ಪಟ್ಟು ದುಡಿಮೆ.

ಇನ್ನು ಸಾಧನ. ನಾನು ಆರಿಸಿದ್ದು ಥ್ರಸ್ಟ್‌ಮಾಸ್ಟರ್ ಟಿ.16000ಎಂ ಜಾಯ್‌ಸ್ಟಿಕ್. ಅದರ ಬಿಡಿಭಾಗಗಳನ್ನು ಅದಲುಬದಲು ಮಾಡಿ ಎಡಗೈಗೂ ಹೊಂದಿಸಬಹುದು, ಒಳಗಿನ ಸಂವೇದಕ ಕಾಂತದಿಂದ ಕೆಲಸ ಮಾಡುವುದರಿಂದ ಉಜ್ಜಿ ಸವೆಯುವ ಭಾಗ ಅಲ್ಲಿಲ್ಲ, ಕೋಲು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಬಾಗುವ ಎರಡು ಅಕ್ಷಗಳಲ್ಲೂ ಅದು 16,384 ಮೆಟ್ಟಿಲುಗಳನ್ನು ಗುರುತಿಸುತ್ತದೆ. ಈ ಕೊನೆಯ ಸಂಗತಿಯೇ ನನಗೆ ಮುಖ್ಯವಾಯಿತು. ನನ್ನ ಮಣಿಕಟ್ಟು ಕೋಲನ್ನು ಅರ್ಧ ದೂರಕ್ಕಿಂತ ಹೆಚ್ಚು ಬಾಗಿಸಲಾರದು. ಹಾಗೆಯೇ ಬಿಟ್ಟರೆ ನೌಕೆಯೂ ಅರ್ಧ ವೇಗದಲ್ಲೇ ತಿರುಗುತ್ತದೆ, ಅಷ್ಟರಲ್ಲಿ ಶತ್ರು ಬೆನ್ನಿಗೆ ಬಂದಿರುತ್ತಾನೆ. ಜಾಯ್‌ಸ್ಟಿಕ್ ಗ್ರೆಮ್ಲಿನ್ ಮತ್ತು ವಿಜಾಯ್ ಎಂಬ ಎರಡು ಉಚಿತ ತಂತ್ರಾಂಶಗಳನ್ನು ಜೊತೆಯಾಗಿ ಬಳಸಿ, ಕೋಲು ಅರ್ಧ ದೂರ ಬಾಗಿದಾಗಲೇ ಆಟಕ್ಕೆ ಪೂರ್ತಿ ಬಾಗಿದ ಸಂಕೇತ ಹೋಗುವಂತೆ ಮಾಡಿದೆ. ಅರ್ಧ ದೂರ ಎಂದರೂ ಎಂಟು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳು ಉಳಿಯುವುದರಿಂದ ನೌಕೆ ಜಿಗಿಜಿಗಿದು ತಿರುಗುವುದಿಲ್ಲ. ಕೈಯ ಭಾರ ಕೋಲಿನ ಮೇಲೆ ಒರಗಿದಾಗ ನೌಕೆ ಅಲುಗದಂತೆ ನಡುವೆ ಸಂಕೇತವೇ ಹೋಗದ ಶೇ. 4ರಷ್ಟು ಡೆಡ್‌ಝೋನ್ ಇಟ್ಟೆ, ಅದರ ಆಚೆಗೆ ಕೋಲು ಬಾಗಿದಂತೆ ಸಂಕೇತ ಮೊದಲು ಮೆಲ್ಲಗೆ, ಆಮೇಲೆ ಕಡಿದಾಗಿ ಏರುವಂತೆ ಮಾಡಿದೆ. ಈ ಅಂಕಿಗಳು ನನ್ನ ಕೈಗೆ ಸರಿಹೊಂದಿದವು. ಇನ್ನೊಬ್ಬರು ತಮ್ಮ ಮಣಿಕಟ್ಟು ನೋವಿಲ್ಲದೆ ಎಲ್ಲಿಯವರೆಗೆ ಬಾಗುತ್ತದೆ ಎಂಬುದನ್ನು ಮೊದಲು ಅಳೆದು, ಅಲ್ಲಿಂದ ಲೆಕ್ಕ ಹಾಕಬೇಕು.

ಹೀಗೆ ಮಾಡಿದ್ದಕ್ಕೆ ಗುರಿಯ ನಿಖರತೆಯಲ್ಲಿ ಬೆಲೆ ತೆರಬೇಕಾಯಿತು, ಕೋಲಿನ ಸಣ್ಣ ಅಲುಗಾಟವೂ ಎರಡು ಪಟ್ಟಾಗುತ್ತದೆಯಲ್ಲ. ಅದನ್ನು ಆಯುಧದ ಆಯ್ಕೆಯಿಂದ ಸರಿದೂಗಿಸಿದೆ. ಈ ಆಟದಲ್ಲಿ ಆಯುಧಗಳು ಮೂರು ಬಗೆಯ ಜೋಡಣೆಯಲ್ಲಿ ಸಿಗುತ್ತವೆ: ನೌಕೆಯ ಮೂತಿ ನೋಡಿದತ್ತಲೇ ಹೊಡೆಯುವ ಫಿಕ್ಸೆಡ್, ಎದುರಿನ ಒಂದು ವ್ಯಾಪ್ತಿಯೊಳಗೆ ಗುರಿಯನ್ನು ತಾನೇ ಹಿಂಬಾಲಿಸುವ ಗಿಂಬಲ್, ಸುತ್ತಲೂ ತಿರುಗಿ ಹುಡುಕುವ ಟರೆಟ್. ಕೈಗೆ ಸುಲಭವಾದಷ್ಟೂ ಪೆಟ್ಟಿನ ಬಲ ಕಡಿಮೆ. ನನಗೆ ಗಿಂಬಲ್ ಸರಿಯಾದ ಮಧ್ಯಮ ಮಾರ್ಗವಾಯಿತು. ಅದರ ಜೊತೆಗೆ ಗುಂಡು ಹಾರಿಸುವ ಮಲ್ಟಿ ಕ್ಯಾನನ್ ಬಿಟ್ಟು ಪಲ್ಸ್ ಲೇಸರ್ ಹಿಡಿದೆ, ಏಕೆಂದರೆ ಗುಂಡು ಮುಟ್ಟುವಷ್ಟರಲ್ಲಿ ಶತ್ರು ಸರಿದಿರಬಹುದು, ಲೇಸರ್ ಕ್ಷಣದಲ್ಲೇ ಮುಟ್ಟುತ್ತದೆ. ನೌಕೆಯನ್ನೂ ಇದೇ ಲೆಕ್ಕದಲ್ಲಿ ಕೊಂಡೆ. ವಲ್ಚರ್ ಎಂಬ ಪುಟ್ಟ ಯುದ್ಧನೌಕೆಗೆ ಎರಡೇ ಆಯುಧ ನೆಲೆಗಳು, ಎರಡೂ ದೊಡ್ಡವು, ತಿರುಗುವುದರಲ್ಲಿ ಬಹಳ ಚುರುಕು. ಎರಡು ಲೇಸರನ್ನೂ ಒಂದೇ ಫೈರ್ ಗ್ರೂಪಿಗೆ ಸೇರಿಸಿದರೆ ಇಡೀ ಕಾಳಗಕ್ಕೆ ಒಂದೇ ಟ್ರಿಗರ್ ಸಾಕು. ಶತ್ರು ಚಾಫ್ ಎಂಬ, ಗುರಿ ತಪ್ಪಿಸುವ ಚೂರುಗಳನ್ನು ಚೆಲ್ಲಿದಾಗ ಗಿಂಬಲ್ ದಿಕ್ಕುಗೆಡುತ್ತದೆ ಎಂಬುದು ನಿಜ. ಆಗ ನಾನು ಗುಂಡು ನಿಲ್ಲಿಸಿ, ಅದು ಕರಗುವವರೆಗೆ ಕೈ ಸಡಿಲಿಸಿಕೊಳ್ಳುತ್ತೇನೆ.

ಆ ಒಂದು ಟ್ರಿಗರ್ ಕೂಡ ಕೈಯಲ್ಲಿ ಉಳಿಯಲಿಲ್ಲ. ಹೊಲಿಗೆ ಯಂತ್ರದ ಪೆಡಲಿನಂಥ, ಮೂರು ಸ್ವಿಚ್ಚುಗಳ ಯುಎಸ್‌ಬಿ ಕಾಲುಪೆಡಲ್ ತಂದು, ನಡುವಿನದನ್ನು ಆಯುಧ ಹಾರಿಸುವುದಕ್ಕೆ, ಎಡದ್ದನ್ನು ನೌಕೆಯನ್ನು ಒಮ್ಮೆಲೇ ರಭಸದಿಂದ ಮುನ್ನುಗ್ಗಿಸುವ ಬೂಸ್ಟಿಗೆ, ಬಲದ್ದನ್ನು ಮುಂದಿನ ಶತ್ರುವನ್ನು ಗುರಿಯಾಗಿ ಆರಿಸುವುದಕ್ಕೆ ಕೊಟ್ಟೆ. ಒತ್ತಿ ಹಿಡಿಯುವ ಕೆಲಸಕ್ಕೆ ಪಾದ ಹೇಳಿಮಾಡಿಸಿದಂತಿದೆ. ಹಿಮ್ಮಡಿ ನೆಲದಲ್ಲೇ ಊರಿರಬೇಕು, ಇಲ್ಲವಾದರೆ ನೋವು ಕೈಯಿಂದ ಕಣಕಾಲಿಗೆ ಇಳಿಯುತ್ತದೆ ಅಷ್ಟೆ.

ಮೂರನೆಯದಾದ ಹಿಡಿತವನ್ನು ಬಿಡಿಸುವುದಕ್ಕೆ ಹೆಚ್ಚು ದಿನ ಹಿಡಿಯಿತು. ಜಾಯ್‌ಸ್ಟಿಕ್ಕನ್ನು ಮೇಜಿನಿಂದ ಇಳಿಸಿ, ಕುರ್ಚಿಯ ಬಲ ತೋಳಿನ ಮುಂದೆ ಒಂದು ಹಲಗೆಯ ಮೇಲೆ, ಮುಂಗೈ ಪೂರ್ತಿಯಾಗಿ ಕುರ್ಚಿಯ ತೋಳಿನ ಮೇಲೆ ಒರಗಿ ಮಣಿಕಟ್ಟು ನೇರವಾಗಿರುವ ಎತ್ತರಕ್ಕೆ ತಿರುಪು ಹಾಕಿ ಕೂರಿಸಿದೆ. ಹಿಡಿ ತೆಳ್ಳಗಿದ್ದಷ್ಟೂ ಬೆರಳುಗಳು ಹೆಚ್ಚು ಮಡಚಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ಪನ್ನು ಉದ್ದಕ್ಕೆ ಸೀಳಿ, ಎರಡು ಸುತ್ತು ಸುತ್ತಿ, ಟೇಪಿನಿಂದ ಬಿಗಿದು ಹಿಡಿಯನ್ನು ದಪ್ಪ ಮಾಡಿದೆ. ಕೊನೆಗೆ ಅಂಗೈಯ ಹಿಂಬದಿಗೆ ಬರುವಂತೆ ಅಗಲವಾದ ವೆಲ್ಕ್ರೋ ಪಟ್ಟಿ ಕಟ್ಟಿದೆ. ಬಸ್ಸಿನಲ್ಲಿ ನೇತಾಡುವ ಪಟ್ಟಿಯೊಳಗೆ ಕೈ ತೂರಿಸಿ ನಿಂತಂತೆ, ಮೂತಿ ಎತ್ತಲು ಕೋಲನ್ನು ಹಿಂದಕ್ಕೆಳೆಯುವಾಗ ಎಳೆತವನ್ನು ಪಟ್ಟಿ ಹೊರುತ್ತದೆ, ಚಲನೆ ಮೊಣಕೈಯಿಂದ ಬರುತ್ತದೆ, ಬೆರಳುಗಳು ಬಿಚ್ಚಿಕೊಂಡೇ ಇರುತ್ತವೆ. ಪಟ್ಟಿಯನ್ನು ಹಲ್ಲಿನಿಂದಲಾದರೂ ಬಿಚ್ಚಿಕೊಳ್ಳುವಂತಿರಬೇಕು ಎಂಬುದನ್ನು, ಒಮ್ಮೆ ಕೈ ಸಿಕ್ಕಿಕೊಂಡು ಮಗಳನ್ನು ಕೂಗಿ ಕರೆದ ಮೇಲೆ ಕಲಿತೆ.

ಎಡಗೈಗೆ ಕೀಬೋರ್ಡಿನ ಬದಲು ದೊಡ್ಡ ಗುಂಡಿಗಳ ಒಂದು ಪೆಟ್ಟಿಗೆ ಮಾಡಿಕೊಂಡೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 60 ಮಿ.ಮೀ. ಅಗಲದ ಆರ್ಕೇಡ್ ಗುಂಡಿಗಳೂ ಅವನ್ನು ಯುಎಸ್‌ಬಿಗೆ ಜೋಡಿಸುವ ಪುಟ್ಟ ಎನ್‌ಕೋಡರ್ ಫಲಕವೂ ಸಿಕ್ಕವು. ಬೆಸುಗೆಯೂ ಬೇಕಾಗಲಿಲ್ಲ, ತಂತಿಗಳನ್ನು ಸಿಕ್ಕಿಸಿದರೆ ಸಾಕಾಯಿತು. ಅಂಗೈಯ ಬುಡದಿಂದಲೋ ಮುಷ್ಟಿಯ ಬದಿಯಿಂದಲೋ ತಟ್ಟಬಹುದಾದ ಆರು ಗುಂಡಿಗಳು ಅದರಲ್ಲಿವೆ. ಪಿಸಿಯಲ್ಲಿ ಈ ಆಟ ಹಲವು ಸಾಧನಗಳನ್ನು ಒಟ್ಟಿಗೆ ಸ್ವೀಕರಿಸುವುದರಿಂದ ಕೋಲು, ಪೆಡಲ್, ಪೆಟ್ಟಿಗೆ ಮೂರೂ ಕೂಡಿ ಕೆಲಸ ಮಾಡುತ್ತವೆ. ಇಷ್ಟು ಕೈಗೆಲಸ ಬೇಡವೆನ್ನುವವರಿಗೆ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಇದೆ. 2018ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಅದರಲ್ಲಿ ಎರಡು ದೊಡ್ಡ ಗುಂಡಿಗಳ ಜೊತೆಗೆ ಹೊರಗಿನ ಸ್ವಿಚ್ಚುಗಳಿಗಾಗಿ 3.5 ಮಿ.ಮೀ.ನ 19 ಕಿಂಡಿಗಳೂ ಎರಡು ಯುಎಸ್‌ಬಿ ಕಿಂಡಿಗಳೂ ಇವೆ, ವಿಂಡೋಸ್‌ನಲ್ಲೂ ಅದು ನಡೆಯುತ್ತದೆ.

ಉಳಿದದ್ದು ಧ್ವನಿಗೆ ಹೋಯಿತು. ವಾಯ್ಸ್ ಅಟ್ಯಾಕ್ ಎಂಬ ತಂತ್ರಾಂಶ ನಾವು ಆಡಿದ ಪದವನ್ನು ಕೀಗಳ ಒತ್ತುವಿಕೆಯಾಗಿ ಬದಲಿಸುತ್ತದೆ. ಲ್ಯಾಂಡಿಂಗ್ ಗೇರ್ ಇಳಿಸುವುದು, ನಕ್ಷೆ ತೆರೆಯುವುದು ಮೊದಲಾದವು ಅದರ ಪಾಲು. ಹೆಚ್ಚು ಉಪಕಾರವಾದದ್ದು ಶಕ್ತಿ ಹಂಚಿಕೆಯಲ್ಲಿ: ರಕ್ಷಾಕವಚಕ್ಕೆ ನಾಲ್ಕು ಪಾಲು ಶಕ್ತಿ ಬೇಕಾದರೆ ಕೆಳಬಾಣವನ್ನು ಒಮ್ಮೆ, ಎಡಬಾಣವನ್ನು ಎರಡು ಸಲ ತಟ್ಟಬೇಕು, ನಾನು "ಫುಲ್ ಶೀಲ್ಡ್ಸ್" ಎಂದರೆ ಮೂರೂ ಆಗಿಬಿಡುತ್ತವೆ. ಒಂದೇ ಪದದ ಆಜ್ಞೆಗಳನ್ನು ಅದು ಆಗಾಗ ತಪ್ಪಾಗಿ ಕೇಳಿಸಿಕೊಂಡಿತು, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ ಏನನ್ನೋ ಮಾಡಿಬಿಟ್ಟದ್ದುಂಟು. ಆದ್ದರಿಂದ ಎಲ್ಲವನ್ನೂ ಎರಡೆರಡು ಪದಗಳಾಗಿಸಿ, ಪೆಟ್ಟಿಗೆಯ ಒಂದು ಗುಂಡಿ ಒತ್ತಿದಾಗ ಮಾತ್ರ ಕೇಳುವಂತೆ ಮಾಡಿದೆ. ಮಾತಿಗೂ ಕ್ರಿಯೆಗೂ ನಡುವೆ ಕ್ಷಣದ ತಡವಿರುವುದರಿಂದ ತಿರುವು, ಗುಂಡು, ಬೂಸ್ಟುಗಳನ್ನು ಧ್ವನಿಗೆ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವೆಬ್‌ಕ್ಯಾಮ್ ಮೂಲಕ ತಲೆಯ ಚಲನೆಯಿಂದ ಸುತ್ತ ನೋಡುವ ಓಪನ್‌ಟ್ರ್ಯಾಕ್ ಅನ್ನೂ ಒಂದು ವಾರ ಬಳಸಿದೆ. ಈ ಕಾಯಿಲೆ ಕತ್ತಿನ ಕೀಲುಗಳಿಗೂ ಬರಬಹುದಾದ್ದರಿಂದ ವೈದ್ಯರ ಮಾತಿನಂತೆ ಅದನ್ನು ಬಿಟ್ಟೆ.

ಆಟವನ್ನು ಸಂಜೆಗೇ ಇಟ್ಟುಕೊಂಡಿದ್ದೇನೆ, ಅಷ್ಟು ಹೊತ್ತಿಗೆ ಬೆರಳುಗಳು ಸಡಿಲವಾಗಿರುತ್ತವೆ. ನೌಕೆಯಲ್ಲಿ ಡಾಕಿಂಗ್ ಕಂಪ್ಯೂಟರನ್ನೂ ಸೂಪರ್‌ಕ್ರೂಸ್ ಅಸಿಸ್ಟನ್ನೂ ಕೂರಿಸಿರುವುದರಿಂದ ನಿಲ್ದಾಣಕ್ಕೆ ಹೋಗಿ ಇಳಿಯುವ ಕೆಲಸ ತಾನೇ ನಡೆಯುತ್ತದೆ, ಆ ಹೊತ್ತಿನಲ್ಲಿ ಪಟ್ಟಿ ಬಿಚ್ಚಿ ಕೈಗಳನ್ನು ಬಿಸಿನೀರಿನ ಚೀಲದ ಮೇಲಿಡುತ್ತೇನೆ. ಬಲಗೈ ಊದಿಕೊಳ್ಳುವ ದಿನಗಳೂ ಬರುತ್ತವೆ. ಅಂಥ ದಿನಗಳಿಗಾಗಿ ನಿಯಂತ್ರಣಗಳ ಇನ್ನೊಂದು ಬೈಂಡ್ಸ್ ಕಡತವನ್ನು ಸಿದ್ಧವಾಗಿಟ್ಟುಕೊಂಡಿದ್ದೇನೆ. ಜಾಯ್‌ಸ್ಟಿಕ್ಕಿನ ಭಾಗಗಳನ್ನು ಎಡಗೈಗೆ ಬದಲಿಸಿ ಹಲಗೆಯನ್ನು ಎಡ ತೋಳಿಗೆ ಸರಿಸಿದರೆ, ಪೆಟ್ಟಿಗೆಯ ಗುಂಡಿಗಳ ಪಾಲನ್ನೂ ಪೆಡಲ್ ಮತ್ತು ಧ್ವನಿ ಹಂಚಿಕೊಳ್ಳುತ್ತವೆ. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿರುತ್ತದೆ.