ಗಂಟು ಎಣಿಸಿ ಕಡಲೆ ಬೀಜ ಆರಿಸಿದೆ: ನನ್ನ ಅನುಭವ

ಹೋದ ಹಿಂಗಾರಿಗೆ ಎರಡು ಎಕರೆ ಕಡಲೆಗೆ ನಾನು ಡಿಎಪಿ ಹಾಕಲಿಲ್ಲ. ಯೂರಿಯಾ ಅಂತೂ ಮುಟ್ಟಲೇ ಇಲ್ಲ. ಬರೀ ಸೂಪರ್ ಫಾಸ್ಫೇಟ್, ಅದರಲ್ಲಿ ಸಾರಜನಕ ಇಲ್ಲ. ಕಡಲೆ ಬೇರಿನ ಗಂಟಿನೊಳಗೆ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ, ಗಾಳಿಯ ಸಾರಜನಕವನ್ನು ಅವೇ ಗಿಡಕ್ಕೆ ಕೊಡುತ್ತವೆ. ಒಳ್ಳೆ ಗಂಟು ಕಟ್ಟುವ ಗಿಡದ ಬೀಜ ಆರಿಸುತ್ತಾ ಬಂದವನು ನಾನು. ಎಕರೆಗೆ ಆರೂವರೆ ಕ್ವಿಂಟಲ್ ಹತ್ತಿರ ರಾಶಿ ಆಯಿತು. ಬದುವಿನ ಆಚೆ ನಮ್ಮ ಕಾಕಾ ಎಲ್ಲ ಗೊಬ್ಬರ ಹಾಕಿ ಐದೂವರೆ ತೆಗೆದರು. ರಾಶಿ ದಿನ ಬಂದು, "ಖರೇ ಹೇಳು, ರಾತ್ರಿ ಬಂದು ಏನ್ ಹಾಕಿದಿ?" ಅಂತ ಕೇಳಿದರು. ಏಳು ವರ್ಷದ ಹಿಂದೆ ನನ್ನ ಕೈಯಲ್ಲಿ ಗಂಟುಗಂಟಾದ ಬೇರು ನೋಡಿ, "ಇದಕ್ಕೆ ರೋಗ ಬಂದದ, ಕಿತ್ತು ಒಗಿ" ಅಂದವರು ಇವರೇ.

ಅವರು ಹಾಗೆ ಅಂದಿದ್ದರಲ್ಲಿ ತಪ್ಪಿಲ್ಲ. ಬೇರಿಗೆ ಬೀಳುವ ಜಂತುಹುಳದ ಗಂಟೂ ಹಾಗೇ ಕಾಣುತ್ತದೆ. ಉಗುರಿನಿಂದ ತಳ್ಳಿದರೆ ಕಳಚಿ ಬಿದ್ದರೆ ಅದು ನಮ್ಮ ಗಂಟು. ಬೇರೇ ಉಬ್ಬಿದಂತೆ ಇದ್ದು ಕಳಚದಿದ್ದರೆ ರೋಗ. ಇದು ನಿಮಗೆಲ್ಲ ಗೊತ್ತಿರುವುದೇ.

ನಮ್ಮದು ಆಳಂದ ಕಡೆಯ ಎರೆ ಹೊಲ. ಕಲಬುರಗಿಯವನು ಅಂದಮೇಲೆ ಮೊದಲು ತೊಗರಿಗೇ ಕೈ ಹಾಕಬೇಕಲ್ವಾ? 2017ರ ಮುಂಗಾರಿನಲ್ಲಿ ಹಾಗೇ ಮಾಡಿದೆ. ಪೂರ್ತಿ ನೆಲ ಕಚ್ಚಿತು. ತೊಗರಿ ಬೇರು ಆಳಕ್ಕೆ ಇಳಿಯುತ್ತದೆ, ಹಾರೆ ಹಾಕಿ ಎತ್ತುವಾಗ ಅರ್ಧ ಗಂಟು ಮಣ್ಣಿನಲ್ಲೇ ಉಳಿಯುತ್ತವೆ. ಎಣಿಸಿದ್ದಕ್ಕೆ ಅರ್ಥವೇ ಇರಲಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ಜೇನುನೊಣ. ತೊಗರಿ ಹೂವಿನ ಪರಾಗ ಗಿಡದಿಂದ ಗಿಡಕ್ಕೆ ಹೋಗುತ್ತದೆ. ನಾನು ಆರಿಸಿದ ತಾಯಿಗೆ ತಂದೆ ಯಾರೆಂದು ಗೊತ್ತಾಗುವುದು ಹೇಗೆ? ಬಲೆ ಕಟ್ಟಲು ಮೂರು ಸಾವಿರ ಖರ್ಚು ಮಾಡಿದೆ, ಗಾಳಿಗೆ ಹರಿಯಿತು. ಇನ್ನೊಂದು ಮಾತು. ತೊಗರಿಗೆ ಬ್ಯಾಕ್ಟೀರಿಯಾ ವಿಷಯದಲ್ಲಿ ಮಡಿ ಇಲ್ಲ. ಅಲಸಂದೆಗೂ ಹೆಸರಿಗೂ ಗಂಟು ಕಟ್ಟುವವು ಇದಕ್ಕೂ ಕಟ್ಟುತ್ತವೆ. ಅವುಗಳಲ್ಲಿ ದುಡಿಯುವವು ಎಷ್ಟು, ಸುಮ್ನೆ ಕೂತು ಉಣ್ಣುವವು ಎಷ್ಟು ಅಂತ ಬೇರೆ ಮಾಡುವುದು ನನ್ನಂಥವನ ಕೈಲಿ ಆಗುವ ಕೆಲಸವಲ್ಲ.

ಕಡಲೆ ಹಾಗಲ್ಲ. ಮೀಸೊರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಗುಂಪಿನವನ್ನು ಬಿಟ್ಟರೆ ಬೇರೆಯವರಿಗೆ ಬಾಗಿಲು ತೆಗೆಯುವುದಿಲ್ಲ. ಹೂ ಅರಳುವ ಮೊದಲೇ ಒಳಗೊಳಗೇ ಪರಾಗ ಬೀಳುತ್ತದೆ, ಹಾಗಾಗಿ ತಾಯಿಯ ಗುಣ ಮಕ್ಕಳಿಗೆ ಹೆಚ್ಚು ಕೆಡದೆ ಬರುತ್ತದೆ. ಹೈದರಾಬಾದ್ ಪಕ್ಕದ ಬೆಳೆ ಸಂಶೋಧನಾ ಸಂಸ್ಥೆಯಾದ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನವರು ಒಂದೇ ತಳಿಯ ಕಡಲೆಯೊಳಗೇ ಜಾಸ್ತಿ ಗಂಟಿನ ಗಿಡ, ಕಡಿಮೆ ಗಂಟಿನ ಗಿಡ ಅಂತ ಬೇರೆ ಬೇರೆ ಆರಿಸಿದ್ದರು. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಇಟ್ಟುಕೊಂಡ ಅಣ್ಣಿಗೇರಿ ತಳಿಯ ಕಡಲೆ ಇತ್ತು. ಎಷ್ಟು ವರ್ಷದ್ದೋ, ಏನೇನು ಬೆರೆತಿದೆಯೋ. ಆರಿಸುವವನಿಗೆ ಅಂಥ ಬೀಜವೇ ಒಳ್ಳೆಯದು.

2018ರಲ್ಲಿ ದಸರೆ ಆದಮೇಲೆ ಬಿತ್ತಿ, ನಲವತ್ತು ದಿನಕ್ಕೆ ಕೀಳಲು ಶುರು ಮಾಡಿದೆ. ಅದಕ್ಕೂ ಮೊದಲು ಕಿತ್ತರೆ ಗಂಟು ಸಣ್ಣವು. ಕಾಯಿ ಕಟ್ಟುವ ಹೊತ್ತಿಗೆ ಕಿತ್ತರೆ ಮುದಿಯಾಗಿ ಒಳಗೆ ಹಸಿರಾಗಿರುತ್ತವೆ. ಹಿಂದಿನ ಸಂಜೆ ನೀರು ಹಾಯಿಸಿ, ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್‌ನಲ್ಲಿ ಇಡುವುದು. ಮಣ್ಣು ತಾನಾಗಿ ಕರಗಬೇಕು, ಕೈ ಹಾಕಬಾರದು. ಸುಮಾರು ನಾನೂರು ಗಿಡ ಕಿತ್ತೆ. ಮೂರು ಗಂಟಿನದೂ ಇತ್ತು, ನಲವತ್ತರದೂ ಇತ್ತು. ಒಳ್ಳೆಯ ಅರವತ್ತನ್ನು ಪಾಲಿಥಿನ್ ಚೀಲಕ್ಕೆ ನೆಟ್ಟೆ. ಬದುಕಿದ್ದು ಒಂಬತ್ತು. ಬೇರು ಬಿಚ್ಚಿದ ಕಡಲೆ ಮತ್ತೆ ಹಿಡಿಯುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಈಗ ಅರವತ್ತಕ್ಕೆ ನಲವತ್ತಾದರೂ ಉಳಿಸುತ್ತೇನೆ. ಕುಡಿ ಅರ್ಧ ಚಿವುಟುತ್ತೇನೆ, ಸಂಜೆಯೇ ನೆಡುತ್ತೇನೆ. ಬಕೆಟ್ ನೀರಿಗೆ ಇನ್ನೊಂದು ಪದಾರ್ಥ ಬೀಳುತ್ತದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ಚಹಾ ಕುಡಿಸಿ ಹೇಳುತ್ತೇನೆ.

ಒಂಬತ್ತರ ಬೀಜವನ್ನು ಮುಂದಿನ ಹಿಂಗಾರಿಗೆ ಒಂಬತ್ತು ಸಾಲಾಗಿ ಬಿತ್ತಿದೆ. ಹೊಲದ ಮೂರು ಕಡೆ ಬೇರೆ ಬೇರೆ ಬಿತ್ತಿದ್ದೇ ಪುಣ್ಯ. ಏಳು ಸಾಲು ಉಳಿದ ಕಡಲೆಯಂತೆಯೇ ಇದ್ದವು, ಒಂದು ಗಂಟೂ ಜಾಸ್ತಿ ಇಲ್ಲ. ಚೀಟಿ ತೆಗೆದು ನೋಡಿದೆ. ಆ ಏಳೂ ತಾಯಂದಿರು ತಗ್ಗಿನ ಜಾಗದವು. ಅಲ್ಲಿ ಪಸೆ ನಿಲ್ಲುತ್ತದೆ, ಅದಕ್ಕೇ ಗಂಟು ಜಾಸ್ತಿ ಆಗಿದ್ದವು. ನಾನು ಒಂದು ವರ್ಷ ಕೂಲಿ ಕೊಟ್ಟು ಆರಿಸಿದ್ದು ಬೀಜದ ಗುಣವನ್ನಲ್ಲ, ತಗ್ಗಿನ ಗುಣವನ್ನು! ಮನೆಯವಳು ಲೆಕ್ಕದ ವಹಿ ನನ್ನ ಮುಂದಿಟ್ಟು ಒಳಗೆ ಹೋದಳು, ಮಾತಾಡಲಿಲ್ಲ.

ಉಳಿದದ್ದು ಮೂರನೇ ಸಾಲು, ಎಂಟನೇ ಸಾಲು. ಮೂರೂ ಕಡೆ ಗಂಟು ಜಾಸ್ತಿ ಇದ್ದದ್ದು ಇವೆರಡರಲ್ಲೇ. ಎಂಟನೆಯದಂತೂ ಬೇರಿಗೆ ಸಾಬುದಾನಿ ಪೋಣಿಸಿದಂತೆ. ಊರಿನವರಿಗೆಲ್ಲ ತೋರಿಸಿಕೊಂಡು ಬಂದೆ. ರಾಶಿ ಮಾಡಿ ತೂಗಿದರೆ ಎಂಟನೆಯದು ಎಲ್ಲಕ್ಕಿಂತ ಕಡಿಮೆ! ಗಂಟಿಗೆ ಸಕ್ಕರೆ ಕೊಡುವುದು ಗಿಡವೇ ತಾನೆ? ಉಣ್ಣುವ ಬಾಯಿ ಹೆಚ್ಚಾದರೆ ಕಾಳಿಗೆ ಏನು ಉಳಿಯುತ್ತದೆ? "ಇನ್ನು ಸಾಕು" ಅಂತ ಬೇರಿಗೆ ಹೇಳಿ ಕಳಿಸುವುದು ಎಲೆ. ಆ ಮಾತು ಕೆಟ್ಟ ಗಿಡಕ್ಕೆ ಗಂಟು ಮಿತಿ ಇಲ್ಲದೆ ಬರುತ್ತವೆ. ಸೋಯಾಬೀನ್‌ನಲ್ಲಿ ಇಂಥವನ್ನು 1985ರಲ್ಲೇ ಆಸ್ಟ್ರೇಲಿಯಾದವರು ತೋರಿಸಿದ್ದರು. ಅಲ್ಲಿ ಕೆಟ್ಟ ಜೀನ್‌ಗೆ ನಾರ್ಕ್ ಅಂತ ಹೆಸರು. ಅಂಥ ಗಿಡದ ತಲೆಯನ್ನು ಒಳ್ಳೆ ಬೇರಿಗೆ ಕಸಿ ಮಾಡಿದರೂ ಗಂಟು ಮಿತಿ ಮೀರುತ್ತವೆ.

ನಾನೂ ಕಸಿ ಮಾಡಿ ನೋಡೋಣ ಅಂತ ಮೂವತ್ತು ಸಸಿಗೆ ಬ್ಲೇಡ್ ಹಾಕಿದೆ. ಎಂಟನೇ ಸಾಲಿನ ತಲೆ, ಮನೆ ಅಣ್ಣಿಗೇರಿಯ ಬೇರು. ಹಿಡಿದದ್ದು ನಾಲ್ಕು. ಆ ನಾಲ್ಕನ್ನೂ ಆಡು ತಿಂದಿತು.

ಆಮೇಲೆ ಎಣಿಕೆ ಬಿಟ್ಟೆ. ಈಗ ಗಂಟು ಸೀಳಿ ಬಣ್ಣ ನೋಡುತ್ತೇನೆ. ಒಳಗೆ ರಕ್ತದಂಥ ಗುಲಾಬಿ ಇದ್ದರೆ ದುಡಿಯುತ್ತಿದೆ ಅಂತ ಅರ್ಥ, ಬಿಳಿ ಇದ್ದರೆ ದಂಡ. ಹದಿನೈದು ಇಪ್ಪತ್ತು ದಪ್ಪ ಗುಲಾಬಿ ಗಂಟು ಇರುವ ಗಿಡ ನನಗೆ ಸಾಕು. ಮೂರನೇ ಸಾಲು ಅಂಥದ್ದು. ಮೊದಲು ಹೇಳಿದ ಎರಡು ಎಕರೆಗೆ ಬಿತ್ತಿದ್ದು ಅದರ ಬೀಜವೇ.

2020ರಲ್ಲಿ ಇನ್ನೊಂದು ಮೂರ್ಖತನ. ಗಿಡ ಸೊರಗಿ ಒಣಗುವ ಸಿಡಿ ರೋಗದ ಹೆದರಿಕೆಗೆ ಶಿಲೀಂಧ್ರ ಕೊಲ್ಲುವ ಔಷಧ ಕಾರ್ಬೆಂಡಾಜಿಮ್, ಪೊಟ್ಟಣದ ರೈಜೋಬಿಯಂ ಎರಡನ್ನೂ ಒಂದೇ ಬುಟ್ಟಿಯಲ್ಲಿ ಕಲಸಿ ಬಿತ್ತಿದೆ. ಮೇಲಾಗಿ ಆ ರೈಜೋಬಿಯಂ ಪೊಟ್ಟಣ ತಂದದ್ದು ಒಂದು ಅಂಗಡಿಯ ತಗಡಿನ ಶೆಡ್ಡಿನಿಂದ. ನಮ್ಮ ಬೇಸಿಗೆಯನ್ನು ಅದು ಅಲ್ಲೇ ಕಳೆದಿತ್ತು. ಗ್ರಾಮಿಗೆ ಐದು ಕೋಟಿ ಜೀವ ಇರಬೇಕು ಅಂತ ನಿಯಮ ಇದೆ. ಅದರಲ್ಲಿ ಐದು ಇದ್ದವೋ ಇಲ್ಲವೋ. ಆ ವರ್ಷ ಹೊಸದಾಗಿ ಗುತ್ತಿಗೆ ಹಿಡಿದ ಹೊಲದಲ್ಲಿ ಬಿತ್ತಿದ್ದೆ, ಅಲ್ಲಿ ಹಿಂದೆ ಕಡಲೆ ಬೆಳೆದೇ ಇರಲಿಲ್ಲ. ಗಿಡ ಹಳದಿ ತಿರುಗಿ ಎಕರೆಗೆ ಎರಡೂವರೆ ಕ್ವಿಂಟಲ್ ಬಂತು. ಗುತ್ತಿಗೆ ಹಣವೂ ಹುಟ್ಟಲಿಲ್ಲ. ಈಗ ಔಷಧ ಮೊದಲು, ಅದು ಒಣಗಿದ ಮೇಲೆ ಬಿತ್ತುವ ಹೊತ್ತಿಗೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ.

ಮೂರನೇ ಸಾಲಿನ ಜೊತೆ ಇನ್ನೊಂದು ನಿಧಿ ಸಿಕ್ಕಿದೆ. 2021ರಲ್ಲಿ ಹಸಿರು ಹೊಲದ ನಡುವೆ ಒಂದೇ ಒಂದು ಹಳದಿ ಗಿಡ. ಕಿತ್ತರೆ ಒಂದು ಗಂಟೂ ಇಲ್ಲ. ಚೀಲಕ್ಕೆ ನೆಟ್ಟು ಚಿಟಿಕೆ ಯೂರಿಯಾ ಕೊಟ್ಟೆ, ವಾರದಲ್ಲಿ ಹಸಿರಾಯಿತು. ಇಪ್ಪತ್ತೆರಡು ಕಾಳು ಕೊಟ್ಟಿತು. ಮಕ್ಕಳೂ ಗಂಟಿಲ್ಲದವೇ. ಇಕ್ರಿಸ್ಯಾಟ್‌ನವರಿಗೂ ಹಿಂದೆ ಹೊಲದಲ್ಲಿ ಇಂಥವು ಸಿಕ್ಕಿದ್ದವು. ಈಗ ಪ್ರತಿ ಹೊಲದ ಮೂಲೆಗೆ ಅದರ ಹತ್ತು ಕಾಳು ಊರುತ್ತೇನೆ. ಅದು ಎಷ್ಟು ಹಸಿರಿದೆಯೋ ಅಷ್ಟು ಮಣ್ಣಿನ ಸಾರಜನಕ, ಉಳಿದದ್ದು ಗಂಟಿನ ದುಡಿಮೆ. ಲ್ಯಾಬಿಗೆ ದುಡ್ಡು ಕೊಡುವ ಕೆಲಸ ತಪ್ಪಿತು.

ಬೇರಿಗೆ ಮೈಕೊರೈಜಾ ಶಿಲೀಂಧ್ರ ಸೇರುವುದಕ್ಕೂ ಗಂಟು ಕಟ್ಟುವುದಕ್ಕೂ ಗಿಡದೊಳಗೆ ಸ್ವಲ್ಪ ದೂರ ಒಂದೇ ದಾರಿ. ನನ್ನ ಹಳದಿ ಗಿಡದ ದಾರಿ ಎಲ್ಲಿ ಕಡಿದಿದೆ ಅಂತ ನೋಡಬೇಕೆನಿಸಿತು. ಬೇರನ್ನು ಕಾಸ್ಟಿಕ್ ಪೊಟ್ಯಾಶ್ ನೀರಿನಲ್ಲಿ ಕುದಿಸಿ, ವಿನೆಗರ್‌ಗೆ ಪೆನ್ನಿನ ಕಪ್ಪು ಇಂಕು ಹಾಕಿ ಅದರಲ್ಲಿ ಇಟ್ಟೆ. ಅಕ್ಕನ ಮಗನ ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೇರಿನೊಳಗೆ ಶಿಲೀಂಧ್ರದ ಎಳೆ ಚೆನ್ನಾಗಿಯೇ ಕಂಡವು. ಅಂದರೆ ಇಬ್ಬರಿಗೂ ಸೇರಿದ ದಾರಿ ಸರಿ ಇದೆ, ಕೆಟ್ಟಿರುವುದು ಗಂಟಿನ ಕಡೆಯ ಕವಲು. ಇದರಿಂದ ಒಂದು ರೂಪಾಯಿ ಹುಟ್ಟುವುದಿಲ್ಲ. ಆದರೆ ಅವತ್ತಿನಷ್ಟು ಖುಷಿ ಯಾವ ರಾಶಿಯಲ್ಲೂ ಆಗಿಲ್ಲ.

ನಷ್ಟ ಹೇಳುವುದಾದರೆ 2022ರ ಎಳ್ಳಮಾವಾಸ್ಯೆ ಹೇಳಲೇಬೇಕು. ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಎಲ್ಲರೂ ಮರದ ಕೆಳಗೆ ಕೂತಿದ್ದೆವು. ಬೀಗರ ಮಕ್ಕಳು ಹೊಲದೊಳಗೆ ಹೋಗಿ ಹಸಿ ಕಡಲೆ ಕಿತ್ತು ತಂದರು. ಕೆಂಪು ದಾರ ಕಟ್ಟಿದ ಗಿಡದವೇ ರುಚಿ ಅಂತ ಅವುಗಳನ್ನೇ ಕಿತ್ತಿದ್ದರು. ಆ ವರ್ಷದ ಆಯ್ಕೆ ಅರ್ಧ ಅವರ ಹೊಟ್ಟೆಗೆ ಹೋಯಿತು. ಬೀಗರಿಗೆ ಏನನ್ನಲಿಕ್ಕೆ ಆಗುತ್ತದೆ?

ಒಟ್ಟು ಖರ್ಚು ಕೂಲಿ, ಚೀಲ, ಬಲೆ, ಗುತ್ತಿಗೆ ನಷ್ಟ ಸೇರಿ ಎಪ್ಪತ್ತು ಸಾವಿರ ದಾಟಿರಬೇಕು. 2024-25ರ ಹಿಂಗಾರಿನ ಕಡಲೆಗೆ ಬೆಂಬಲ ಬೆಲೆ ಕ್ವಿಂಟಲಿಗೆ 5,650 ಇತ್ತು. ಎಕರೆಗೆ ಒಂದು ಕ್ವಿಂಟಲ್ ಜಾಸ್ತಿ, ಮೇಲೆ ಆಗಿನ 1,350ರ ಡಿಎಪಿ ಚೀಲ ಉಳಿತಾಯ. ಇನ್ನೂ ನಾಲ್ಕೈದು ವರ್ಷ ಬೇಕು ಹಣ ತಿರುಗಲು. ಅಣ್ಣಿಗೇರಿಗೆ ಸಿಡಿ ರೋಗ ತಡೆಯುವ ಶಕ್ತಿ ಇಲ್ಲ, ಅದೇ ನನ್ನ ದೊಡ್ಡ ಭಯ. ಸಿಡಿ ತಡೆಯುವ ಸೂಪರ್ ಅಣ್ಣಿಗೇರಿ ತಳಿಯ ಜೊತೆ ಮೂರನೇ ಸಾಲನ್ನು ಕೂಡಿಸಲು ಹೋದ ವರ್ಷ ಎಪ್ಪತ್ತು ಮೊಗ್ಗು ಬಿಡಿಸಿ ಪರಾಗ ಹಚ್ಚಿದೆ, ಕಣ್ಣು ನೋವು ಬಂತು. ಸಿಕ್ಕಿದ್ದು ನಾಲ್ಕು ಕಾಳು, ಒಂದನ್ನು ಇಲಿ ಒಯ್ದಿತು. ಉಳಿದ ಮೂರು ಡಬ್ಬಿಯಲ್ಲಿ ಬೂದಿಯೊಳಗೆ ಇವೆ.

ಕಾಕಾ ಮೊನ್ನೆ ಬಂದು ಮೂರನೇ ಸಾಲಿನ ಇಪ್ಪತ್ತೈದು ಕಿಲೋ ಬೀಜ ಒಯ್ದರು. ಕಿಲೋಗೆ ತೊಂಬತ್ತು ಅಂದೆ. "ಗಂಟು ಬಂದ ಮ್ಯಾಲ ಕೊಡ್ತೀನಿ" ಅಂದರು.